ಆಲೂಗೆಡ್ಡೆಯ ಬೇನೆಗೆ ತಳಿಯೇ ಮದ್ದು: ಡಾಕ್ಟರೇಟು ಮುಗಿಸಿದ ಮಕ್ಕಳಿಗೆ ಒಂದು ಕೆಲಸ

ಡಾಕ್ಟರೇಟು ಬಂದ ಮೇಲೆ ಓದು ಮುಗಿಯಿತು ಎಂದೇ ನಮ್ಮ ಹಳ್ಳಿಗಳಲ್ಲಿ ಎಲ್ಲರೂ ತಿಳಿದಿರುವುದು. ಒಂದನೆಯ ತರಗತಿಯಿಂದ ಎಣಿಸಿದರೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪುಸ್ತಕ ಹಿಡಿದ ಮಗನೋ ಮಗಳೋ ಮನೆಗೆ ಬಂದು, "ಇನ್ನೂ ಎರಡು ವರ್ಷ ಆಲೂಗೆಡ್ಡೆಯ ರೋಗದ ಮೇಲೆ ಸಂಶೋಧನೆ ಮಾಡುವ ಅವಕಾಶ ಸಿಕ್ಕಿದೆ, ಹೋಗಿಬರುತ್ತೇನೆ" ಎಂದರೆ ಹೆತ್ತವರಿಗೆ ದಿಕ್ಕು ತೋಚುವುದಿಲ್ಲ. ಕೆಲಸ ಕಾಯಮ್ಮೇ ಎಂದು ಅಪ್ಪ ಕೇಳುತ್ತಾನೆ. ಅಲ್ಲ. ಮದುವೆ ಯಾವಾಗ ಎಂದು ಅಜ್ಜಿ ಕೇಳುತ್ತಾಳೆ. ಅದಕ್ಕೆ ಉತ್ತರವೇ ಇಲ್ಲ. ಆಲೂಗೆಡ್ಡೆ ಬೆಳೆಯುವುದಕ್ಕೆ ಡಾಕ್ಟರೇಟು ಏಕೆ, ನಾವೆಲ್ಲ ಅದಿಲ್ಲದೆ ಬೆಳೆಯಲಿಲ್ಲವೇ ಎಂದು ಚಾವಡಿಯಲ್ಲಿ ಕುಳಿತವರು ನಗುತ್ತಾರೆ.

ನಗುವುದಕ್ಕೆ ಮುಂಚೆ ಆ ಕೆಲಸ ಎಂಥದೆಂದು ತಿಳಿದುಕೊಳ್ಳುವುದು ಒಳ್ಳೆಯದು. ಇದನ್ನು ಪೋಸ್ಟ್ ಡಾಕ್ಟೋರಲ್ ಸಂಶೋಧನೆ ಎನ್ನುತ್ತಾರೆ. ನಮ್ಮ ದೇಶದ ಸಂಶೋಧನಾ ಕೇಂದ್ರಗಳ ಪ್ರಕಟಣೆಗಳಲ್ಲಿ ರಿಸರ್ಚ್ ಅಸೋಸಿಯೇಟ್ ಎಂಬ ಹೆಸರೂ ಉಂಟು. ರೋಗ ತಾಳುವ ಆಲೂಗೆಡ್ಡೆಯ ತಳಿ ಎಬ್ಬಿಸುವ ಕೆಲಸ ಶಿಮ್ಲಾದಲ್ಲಿ, ಪೆರು ದೇಶದ ಲೀಮಾದಲ್ಲಿ, ಸ್ಕಾಟ್ಲೆಂಡಿನ ಡಂಡಿಯ ಬಳಿ, ಇಂಗ್ಲೆಂಡಿನ ನಾರಿಚ್‌ನಲ್ಲಿ, ಹಾಲೆಂಡಿನ ವಾಗನಿಂಗನ್‌ನಲ್ಲಿ ನಡೆಯುತ್ತಲೇ ಇದೆ. ಅಲ್ಲೆಲ್ಲ ಡಾಕ್ಟರೇಟು ಮುಗಿಸಿದ ತರುಣರನ್ನು ಎರಡು ಮೂರು ವರ್ಷದ ಮಾತಿಗೆ ಆಗಾಗ ಕರೆಯುತ್ತಾರೆ. ನಾವು ಪಾಠ ಹೇಳುವವರು, ಒಂದಿಷ್ಟು ನೆಲ ಉಳುವವರೂ ಹೌದು. ಆದಕಾರಣ ಈ ವಿಷಯವನ್ನು ಎರಡು ಕಡೆಯಿಂದಲೂ ನೋಡಿ ಬರೆಯುತ್ತಿದ್ದೇವೆ. ನೀಲಗಿರಿ, ತಾಳವಾಡಿ, ಹೊಸೂರು, ದೇನ್ಕಣಿಕೋಟೆ ಕಡೆಯ ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. ಈ ಸಂಶೋಧನೆಯ ಒಂದು ದೊಡ್ಡ ಅಧ್ಯಾಯ ನಡೆದದ್ದೇ ಉದಕಮಂಡಲದ ಮಣ್ಣಿನಲ್ಲಿ.

ಎರಡು ಹಗೆಗಳು

ಆಲೂಗೆಡ್ಡೆಗೆ ರೋಗಗಳು ಹಲವು. ನಮ್ಮ ಬೆಟ್ಟಸೀಮೆಯಲ್ಲಿ ಹೊಲವನ್ನೇ ನುಂಗುವಂಥವು ಎರಡು. ಒಂದು ಎಲೆಯ ಮೇಲೆ ಬರುತ್ತದೆ, ಮತ್ತೊಂದು ಬೇರಿನ ಕೆಳಗೆ ಕೂತಿರುತ್ತದೆ.

ಮೊದಲನೆಯದು ಅಂಗಮಾರಿ. ಮಂಜು ಮುಸುಕಿ, ಜಿಟಿಜಿಟಿ ಮಳೆ ಹಿಡಿದು, ನಾಲ್ಕು ದಿನ ಬಿಸಿಲು ಕಾಣದಿದ್ದರೆ ಎಲೆಯ ಅಂಚಿನಲ್ಲಿ ನೀರು ನೆನೆದಂಥ ಕಲೆ ಬೀಳುತ್ತದೆ. ಅದು ಕಪ್ಪಗಾಗುತ್ತದೆ. ಬೆಳಗಿನ ಹೊತ್ತು ಎಲೆ ಮಗುಚಿದರೆ ಕಲೆಯ ಸುತ್ತ ಬಿಳಿಯ ನವಿರು ಕಾಣುತ್ತದೆ. ವಾರದೊಳಗೆ ಹೊಲ ಕುದಿನೀರು ಹೊಯ್ದಂತಾಗಿ ಕೆಟ್ಟ ನಾತ ಹೊಡೆಯುತ್ತದೆ. ಕಂಡವರಿಗೆ ವರ್ಣನೆ ಬೇಡ. 1845ರಲ್ಲಿ ಐರ್ಲೆಂಡಿಗೆ ಬಂದದ್ದು ಇದೇ. ಆ ದೇಶದ ಬಡವರಿಗೆ ಆಲೂಗೆಡ್ಡೆಯೇ ಊಟ, ಅದೂ ಹೆಚ್ಚಿನ ಕಡೆ ಒಂದೇ ತಳಿ. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಊರು ಬಿಟ್ಟು ಹಡಗು ಹತ್ತಿದರು. ನಮ್ಮ ದೇಶದಲ್ಲಿ ಈ ರೋಗ ಮೊದಲು ಕಂಡದ್ದು ನೀಲಗಿರಿಯಲ್ಲಿ, 1870ಕ್ಕೂ 1880ಕ್ಕೂ ನಡುವೆ. 1820ರ ದಶಕದಲ್ಲಿ ಸಲ್ಲಿವನ್ ದೊರೆ ಉದಕಮಂಡಲದಲ್ಲಿ ಆಲೂಗೆಡ್ಡೆ ಹಾಕಿಸಿದ. ಬೆಳೆ ಬಂದ ಅರ್ಧ ಶತಮಾನಕ್ಕೆ ಅದರ ಬೇನೆಯೂ ಹಿಂಬಾಲಿಸಿತು.

ಎರಡನೆಯದು ಬೇರಿನ ಜಂತು. ಕಣ್ಣಿಗೆ ಕಾಣದಷ್ಟು ಸಣ್ಣದು. ಹೆಣ್ಣು ಬೇರಿಗೆ ಅಂಟಿ ಬಲಿತಾಗ ಮಾತ್ರ ಗುಂಡುಸೂಜಿಯ ತಲೆಯಷ್ಟು ದುಂಡಗೆ ತೋರುತ್ತದೆ. ಒಂದು ಜಾತಿ ಹೊನ್ನಿನ ಬಣ್ಣ, ಇನ್ನೊಂದು ಬಿಳುಪು. ಹೆಣ್ಣು ಸತ್ತ ಮೇಲೆ ಅದರ ಮೈಯೇ ಗಟ್ಟಿಯಾದ ಚೀಲವಾಗುತ್ತದೆ. ಒಂದೊಂದು ಚೀಲದಲ್ಲಿ ನೂರಾರು ಮೊಟ್ಟೆ. ಆ ಮೊಟ್ಟೆಗಳು ಮಣ್ಣಿನಲ್ಲಿ ಇಪ್ಪತ್ತು ವರ್ಷವಾದರೂ ಜೀವ ಹಿಡಿದಿರಬಲ್ಲವು. ಆಲೂಗೆಡ್ಡೆಯ ಬೇರು ಹತ್ತಿರ ಬಂದು ತನ್ನ ರಸ ಬಿಟ್ಟಾಗ, ಆ ವಾಸನೆಗೆ ಎಚ್ಚೆತ್ತು ಮರಿಗಳು ಹೊರಬರುತ್ತವೆ. ಹೊಲದಲ್ಲಿ ಅಲ್ಲೊಂದು ಇಲ್ಲೊಂದು ತೇಪೆಯಂತೆ ಗಿಡ ಕುಳ್ಳಾಗಿ ಹಳದಿಯಾಗುವುದೇ ಇದರ ಕುರುಹು. ಗೊಬ್ಬರ ಸಾಲದೆಂದು ರೈತ ಮತ್ತೊಂದು ಮೂಟೆ ಸುರಿಯುತ್ತಾನೆ. ಗೊಬ್ಬರ ಉಂಡವರು ಯಾರು ಎಂಬುದು ಅಗೆದಾಗ ತಿಳಿಯುತ್ತದೆ.

ಈ ಜಂತು ನಮ್ಮ ದೇಶದಲ್ಲಿ ಮೊದಲು ಸಿಕ್ಕಿದ್ದು 1961ರಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ವಿಜ್ಞಾನಿ ಎಫ್. ಜಿ. ಡಬ್ಲ್ಯು. ಜೋನ್ಸ್ ಅವರು ಉದಕಮಂಡಲದ ಒಂದು ಹೊಲದಲ್ಲಿ ಇದನ್ನು ಗುರುತಿಸಿದರು. ವರ್ಷಕ್ಕೆ ಮೂರು ಬೋಗ, ನೀರ್‌ಬೋಗ, ಕಾರ್‌ಬೋಗ, ಕಡೆಬೋಗ ಎಂದು ಒಂದರ ಮೇಲೊಂದು ಆಲೂಗೆಡ್ಡೆಯನ್ನೇ ಹಾಕುತ್ತಿದ್ದ ನೆಲ ಅದು. ಜಂತುವಿಗೆ ಅಷ್ಟು ಒಳ್ಳೆಯ ಅನ್ನಛತ್ರ ಬೇರೆಲ್ಲಿ ಸಿಗಬೇಕು!

ಇಪ್ಪತ್ತನಾಲ್ಕು ವರ್ಷದ ಲೆಕ್ಕ

ಜಂತು ಸಿಕ್ಕಿದ್ದು 1961. ಅದನ್ನು ತಾಳುವ ಆಲೂಗೆಡ್ಡೆ, ಕುಫ್ರಿ ಸ್ವರ್ಣ, ನೀಲಗಿರಿಗೆಂದು ಬಿಡುಗಡೆಯಾದದ್ದು 1985. ನಡುವೆ ಇಪ್ಪತ್ತನಾಲ್ಕು ವರ್ಷ. ಡಾಕ್ಟರೇಟಿನ ಮೇಲೆ ಸಿಗುವ ಕೆಲಸ ಎರಡು ವರ್ಷದ್ದು. ಅಂದರೆ ಹನ್ನೆರಡು ಅವಧಿ. ಈ ಒಂದು ಲೆಕ್ಕ ತಲೆಗೆ ಹೋದರೆ ಈ ಹುದ್ದೆಯ ಸ್ವಭಾವ ಅರ್ಧ ಅರ್ಥವಾದಂತೆ. ಮಣ್ಣಿನ ಒಡ್ಡು ಹಾಕುವಾಗ ಬುಟ್ಟಿ ಕೈಯಿಂದ ಕೈಗೆ ಹೋಗುತ್ತದಲ್ಲ, ಹಾಗೆ. ಯಾವೊಬ್ಬನೂ ಒಡ್ಡು ಕಟ್ಟುವುದಿಲ್ಲ, ಆದರೆ ನಡುವೆ ಒಬ್ಬನ ಕೈ ತಪ್ಪಿದರೆ ಬುಟ್ಟಿ ಮುಂದಕ್ಕೆ ಹೋಗುವುದಿಲ್ಲ.

ಆ ಬುಟ್ಟಿ ಎಲ್ಲಿಂದ ಹೊರಟಿತು ನೋಡಿ. ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟ. ಅಲ್ಲಿ ಅದರ ಕಾಡು ನೆಂಟರು ನೂರಕ್ಕೂ ಹೆಚ್ಚು ಬಗೆ ಇದ್ದಾರೆ. ಕಹಿಯಾದವು, ಗೋಲಿಯಷ್ಟೇ ಗೆಡ್ಡೆ ಬಿಡುವವು, ತಿಂದರೆ ಗಂಟಲು ಉರಿಯುವಂಥವು. ತಿನ್ನುವುದಕ್ಕೆ ಬಾರದಿದ್ದರೂ ಅವು ರೋಗದ ಜೊತೆಯಲ್ಲೇ ಸಾವಿರಾರು ವರ್ಷ ಬದುಕಿ ಬಂದವು. 1939ರಲ್ಲಿ ಇಂಗ್ಲೆಂಡಿನಿಂದ ಬಾಲ್ಸ್, ಗೌರ್ಲೆ, ಹಾಕ್ಸ್ ಎಂಬ ಮೂವರು ಆ ಬೆಟ್ಟಗಳಲ್ಲಿ ತಿಂಗಳುಗಟ್ಟಲೆ ಅಲೆದು ಗೆಡ್ಡೆಗಳನ್ನು ಕೂಡಿಸಿ ತಂದರು. ಹಾಕ್ಸ್ ಆಗಿನ್ನೂ ಇಪ್ಪತ್ತನಾಲ್ಕರ ಆಸುಪಾಸಿನ ತರುಣ, ಡಾಕ್ಟರೇಟಿಗಾಗಿ ದುಡಿಯುತ್ತಿದ್ದವನು. ಆ ಭಂಡಾರ ಇಂದಿಗೂ ಡಂಡಿಯ ಬಳಿಯ ಜೇಮ್ಸ್ ಹಟನ್ ಸಂಸ್ಥೆಯಲ್ಲಿ ಕಾಮನ್‌ವೆಲ್ತ್ ಆಲೂಗೆಡ್ಡೆ ಸಂಗ್ರಹವೆಂಬ ಹೆಸರಿನಲ್ಲಿ ಇದೆ. 1952ರಲ್ಲಿ ಎಲೆನ್‌ಬಿ ಎಂಬ ವಿಜ್ಞಾನಿ ಆ ಸಂಗ್ರಹದ ಗೆಡ್ಡೆಗಳನ್ನು ಒಂದೊಂದಾಗಿ ಜಂತು ಬಿದ್ದ ಮಣ್ಣಿನಲ್ಲಿ ಬೆಳೆಸಿ, ಜಂತುವಿಗೆ ಬಗ್ಗದ ಕೆಲವನ್ನು ಗುರುತಿಸಿ ಪ್ರಕಟಿಸಿದರು. ಅದರಿಂದ ಬಂದ ಗುಣಕ್ಕೆ ಎಚ್-1 ಎಂದು ಹೆಸರಾಯಿತು.

ಈ ಗುಣ ಕೆಲಸ ಮಾಡುವ ರೀತಿ ಬಹಳ ಚೆನ್ನಾಗಿದೆ. ಗಿಡ ಜಂತುವನ್ನು ಬಾಗಿಲಲ್ಲಿ ತಡೆಯುವುದಿಲ್ಲ. ಮರಿ ಬೇರಿನೊಳಕ್ಕೆ ಬರುತ್ತದೆ, ಊಟಕ್ಕೆ ಕೂರುತ್ತದೆ. ಆಗ ಗಿಡ ಆ ಜಾಗದ ಸುತ್ತಲಿನ ತನ್ನದೇ ಜೀವಕಣಗಳನ್ನು ಸಾಯಿಸಿಬಿಡುತ್ತದೆ. ಎಲೆ ಹಾಕಿ ಕೂರಿಸಿ ಅನ್ನ ಬಡಿಸದಂತೆ. ಹೆಣ್ಣು ಬಲಿಯಲಾರದೆ ಉಪವಾಸ ಬೀಳುತ್ತದೆ. ಇದರಲ್ಲಿ ರೈತನಿಗೆ ಇನ್ನೊಂದು ಲಾಭ ಉಂಟು. ಈ ತಳಿಯ ಬೇರಿನ ರಸಕ್ಕೂ ಮೊಟ್ಟೆಗಳು ಒಡೆಯುತ್ತವೆ. ಒಡೆದ ಮರಿಗಳು ಸಾಯುತ್ತವೆ, ಹೊಸ ಚೀಲ ಆಗುವುದಿಲ್ಲ. ಬೆಳೆ ತೆಗೆಯುತ್ತಲೇ ನೆಲವೂ ತಿಳಿಯಾಗುತ್ತದೆ.

ಹಾಗಾದರೆ ಎಚ್-1 ಒಂದೇ ಸಾಲದೆ? ಸಾಲದು. ಅದು ಹೊನ್ನಿನ ಬಣ್ಣದ ಜಂತುವಿನ ಕೆಲವು ಬಳಗಗಳಿಗೆ ಮಾತ್ರ ಮದ್ದು, ಬಿಳಿಯದಕ್ಕೆ ಅಲ್ಲ. ಇಂಗ್ಲೆಂಡಿನವರು ಇದಕ್ಕೆ ಬೆಲೆ ತೆತ್ತರು. 1966ರಲ್ಲಿ ಬಂದ ಮೇರಿಸ್ ಪೈಪರ್ ಎಂಬ ತಳಿಯಲ್ಲಿ ಎಚ್-1 ಇತ್ತು, ರುಚಿಯೂ ಇತ್ತು. ದೇಶವೆಲ್ಲ ಅದನ್ನೇ ಬಿತ್ತಿತು. ಹೊನ್ನಿನ ಜಂತು ಇಳಿಯಿತು, ಅದರ ಜಾಗಕ್ಕೆ ಬಿಳಿಯದು ಬಂದು ಕೂತಿತು. ನೀಲಗಿರಿಯಲ್ಲಂತೂ ಎರಡೂ ಇವೆ. ಆದ್ದರಿಂದ ಕುಫ್ರಿ ಸ್ವರ್ಣಕ್ಕೆ ಸೋಲಾನಂ ವರ್ನೈ ಎಂಬ ಇನ್ನೊಂದು ಕಾಡು ನೆಂಟನ ರಕ್ತವಿರುವ ಹೈಬ್ರಿಡ್ಡನ್ನು ತಂದು ಕುಫ್ರಿ ಜ್ಯೋತಿಯೊಡನೆ ಕೂಡಿಸಿದರು. ಹೀಗಾಗಿ ಸ್ವರ್ಣ ಎರಡೂ ಜಂತುಗಳನ್ನು ತಾಳುತ್ತದೆ, ಅಂಗಮಾರಿಗೂ ಒಂದಿಷ್ಟು ಎದೆಗೊಡುತ್ತದೆ. ಅದರ ಬೆನ್ನಿಗೆ ಕುಫ್ರಿ ನೀಲಿಮಾ, ಕುಫ್ರಿ ಸಹ್ಯಾದ್ರಿ ಬಂದಿವೆ. ಈ ಕೆಲಸದ ನೆಲೆ ಉದಕಮಂಡಲದ ಬಳಿಯ ಮುತ್ತೋರೈಯಲ್ಲಿರುವ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯ ಶಾಖೆ. ಆ ಸಂಸ್ಥೆ 1949ರಲ್ಲಿ ಪಾಟ್ನಾದಲ್ಲಿ ಹುಟ್ಟಿ 1956ರಲ್ಲಿ ಶಿಮ್ಲಾಕ್ಕೆ ಹೋಯಿತು.

ಹೆಸರಿನಲ್ಲೆಲ್ಲ ಕುಫ್ರಿ ಏಕೆಂದು ಮಕ್ಕಳು ಕೇಳುವುದುಂಟು. ಕುಫ್ರಿ ಎಂಬುದು ಶಿಮ್ಲಾದ ಹತ್ತಿರದ ಒಂದು ಎತ್ತರದ ಊರು. ಬೇಸಗೆಯಲ್ಲಿ ಅಲ್ಲಿ ಹಗಲು ಉದ್ದ, ಚಳಿ ಹಿತ. ಆಲೂಗೆಡ್ಡೆ ಧಾರಾಳವಾಗಿ ಹೂ ಬಿಟ್ಟು ಕಾಯಿ ಕಟ್ಟುತ್ತದೆ. ಬಯಲುಸೀಮೆಯಲ್ಲಿ ಗೆಡ್ಡೆ ಇಳಿದರೂ ಹೂ ಸರಿಯಾಗಿ ನಿಲ್ಲದು, ಹೂವಿಲ್ಲದೆ ಸಂಕರ ಆಗದು. ಅಲ್ಲಿ ಮಾಡಿದ ಸಂಕರಗಳಿಂದ ಬಂದ ಮೊದಲ ತಳಿಗಳು 1958ರಲ್ಲಿ ಹೊರಬಂದವು. ಈವರೆಗೆ ಅರವತ್ತಕ್ಕೂ ಹೆಚ್ಚು ಆಗಿವೆ.

ಬೀಗ ಬದಲಾದರೆ ಕೀಲಿಯೂ ಬದಲಾಗುತ್ತದೆ

ಅಂಗಮಾರಿಯ ಕಥೆ ಇನ್ನೂ ತೊಡಕಿನದು. ಮೆಕ್ಸಿಕೋ ದೇಶದ ಸೋಲಾನಂ ಡೆಮಿಸಮ್ ಎಂಬ ಕಾಡು ಆಲೂಗೆಡ್ಡೆಗೆ ಆ ರೋಗ ತಟ್ಟುವುದಿಲ್ಲವೆಂದು ಕಂಡಾಗ ತಳಿಗಾರರು ಹಿಗ್ಗಿದರು. ಅದರಿಂದ ಹನ್ನೊಂದು ನಿರೋಧಕ ಗುಣಗಳನ್ನು ಹೆಕ್ಕಿದರು. ಒಂದೊಂದು ಗುಣ ಇಟ್ಟು ಒಂದೊಂದು ತಳಿ ಮಾಡಿದರು. ಕೆಲವೇ ವರ್ಷಗಳಲ್ಲಿ ರೋಗಾಣು ಒಂದೊಂದನ್ನೂ ಗೆದ್ದಿತು. ಹೇಗೆಂದರೆ, ಒಂದು ಗುಣವೆಂದರೆ ಒಂದು ಬೀಗ. ರೋಗಾಣು ಕೋಟಿಗಟ್ಟಲೆ ಹುಟ್ಟುವ ಜೀವಿ. ಅದರಲ್ಲಿ ಎಲ್ಲೋ ಒಂದಕ್ಕೆ ಸರಿಯಾದ ಕೀಲಿ ಇದ್ದೇ ಇರುತ್ತದೆ. ಆ ಒಂದು ಉಳಿಯಿತೋ, ಮುಂದಿನ ವರ್ಷ ಊರೆಲ್ಲ ಅದರ ಸಂತಾನವೇ.

1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ನಮ್ಮೆಲ್ಲರಿಗೂ ಗೊತ್ತಿರುವ ಗೆಡ್ಡೆ. ಹೊಸತರಲ್ಲಿ ಅದು ಅಂಗಮಾರಿಯನ್ನು ಚೆನ್ನಾಗಿ ತಡೆಯಿತು. ಈಗ ಆ ಬಲ ಹೋಗಿದೆ. ಆದರೂ ಹಾಸನದ ರೈತರು ಪಂಜಾಬಿನ ಜಲಂಧರದ ಕಡೆಯಿಂದ ಬಿತ್ತನೆ ತರಿಸಿ ಮುಂಗಾರಿನಲ್ಲಿ ಹೆಚ್ಚಾಗಿ ಹಾಕುವುದು ಅದನ್ನೇ. ಪೇಟೆಗೆ ಅದರ ಮುಖ ಪರಿಚಯ, ಬೇರೆ ಗೆಡ್ಡೆ ಕೊಂಡುಹೋದರೆ ದಲ್ಲಾಳಿ ಮೂಗು ಮುರಿಯುತ್ತಾನೆ. ತಳಿಗಾರ ಹತ್ತು ವರ್ಷ ತೇಯ್ದು ರೋಗ ಗೆದ್ದರೂ ದಲ್ಲಾಳಿಯ ಮೂಗು ಗೆಲ್ಲಬೇಕಾದದ್ದು ಬಾಕಿ ಇರುತ್ತದೆ. ಪ್ರಯೋಗಶಾಲೆಯಲ್ಲಿ ಕುಳಿತವರಿಗೆ ಇದು ತಡವಾಗಿ ತಿಳಿಯುತ್ತದೆ. ಸಂತೆಗೆ ಮೂಟೆ ಹೊತ್ತ ಮನೆಯ ಮಕ್ಕಳಿಗೆ ಮೊದಲೇ ಗೊತ್ತು. ನಮ್ಮ ಮಕ್ಕಳು ಈ ಕೆಲಸಕ್ಕೆ ಹೋಗಬೇಕೆಂದು ನಾವು ಬಯಸುವುದಕ್ಕೆ ಇದೂ ಒಂದು ಕಾರಣ.

2009 ಮತ್ತು 2010ರಲ್ಲಿ ದಕ್ಷಿಣದಲ್ಲಿ ಟೊಮೆಟೊ ಹೊಲಗಳು ಅಂಗಮಾರಿಯಿಂದ ಬೆಂದದ್ದು ಹಲವರಿಗೆ ನೆನಪಿರಬಹುದು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ರೋಗಾಣುವಿನ ಜಾತಕ ನೋಡಿದರೆ, ಅದು ಯೂರೋಪಿನಲ್ಲಿ ಕೆಲವು ವರ್ಷ ಮುಂಚೆ ತಲೆಯೆತ್ತಿದ್ದ 13-ಎ-2 ಎಂಬ ಬಳಗ. ಟೊಮೆಟೊ, ಆಲೂಗೆಡ್ಡೆ ಎರಡನ್ನೂ ತಿನ್ನುವ ಬಳಗ. ರೋಗಕ್ಕೆ ಗಡಿಯೂ ಇಲ್ಲ, ರಹದಾರಿಯೂ ಬೇಡ. ಆದಕಾರಣ ತಳಿ ಎಬ್ಬಿಸುವವರು ತಮ್ಮ ಹೊಲದ ಗಿಡವನ್ನಷ್ಟೇ ನೋಡಿದರೆ ಸಾಲದು. ಸುತ್ತಣ ರೋಗಾಣು ಯಾವ ಬಳಗದ್ದು, ಅದರ ಕೈಯಲ್ಲಿ ಯಾವ ಕೀಲಿಗಳಿವೆ ಎಂಬುದನ್ನು ವರ್ಷ ವರ್ಷವೂ ಎಣಿಸುತ್ತಿರಬೇಕು.

ಈಗಿನವರು ಎರಡು ದಾರಿ ಹಿಡಿದಿದ್ದಾರೆ. ಒಂದೇ ಗಿಡದಲ್ಲಿ ಎರಡು ಮೂರು ಬೀಗ ಒಟ್ಟಿಗೆ ಹಾಕುವುದು ಒಂದು. ರೋಗ ಬಂದರೂ ನಿಧಾನವಾಗಿ ಹಬ್ಬುವಂತೆ ಗಿಡಕ್ಕೆ ಒಟ್ಟಾರೆ ಗಟ್ಟಿತನ ಕೊಡುವುದು ಇನ್ನೊಂದು. ಎರಡನೆಯ ದಾರಿಗೆ ಮೆಕ್ಸಿಕೋದ ತೊಲುಕಾ ಕಣಿವೆಯಲ್ಲಿ ದಶಕಗಟ್ಟಲೆ ದುಡಿದವರು ಜಾನ್ ನೀಡರ್‌ಹೌಸರ್. ಅಲ್ಲಿ ರೋಗ ಎಷ್ಟು ಜೋರೆಂದರೆ ದುರ್ಬಲ ಗಿಡ ಒಂದೂ ಉಳಿಯದು. ಪರೀಕ್ಷೆಗೆ ಅದಕ್ಕಿಂತ ಕಠಿಣವಾದ ಶಾಲೆ ಇಲ್ಲ. 1990ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು.

ಸೋಲಾನಂ ಬಲ್ಬೊಕಾಸ್ಟಾನಂ ಎಂಬ ಇನ್ನೊಂದು ಮೆಕ್ಸಿಕೋದ ಗಿಡ ಉಂಟು. ರೋಗಕ್ಕೆ ಬಗ್ಗದ್ದು, ಆದರೆ ನಮ್ಮ ಆಲೂಗೆಡ್ಡೆಯೊಡನೆ ನೇರವಾಗಿ ಕೂಡದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎರಡರ ಜೀವಕಣಗಳನ್ನೇ ಬೆಸೆದು ದಾರಿ ಮಾಡಿದರು. 2003ರಲ್ಲಿ ಅಲ್ಲಿಯೂ ವಾಗನಿಂಗನ್‌ನಲ್ಲಿಯೂ ಆ ಗುಣದ ಜೀನನ್ನು ಬೇರ್ಪಡಿಸಿದರು. ಆ ಜೀನು ಸೇರಿಸಿದ ಗೆಡ್ಡೆಯನ್ನು ನಮ್ಮ ದೇಶದಲ್ಲಿ ಕುಫ್ರಿ ಜ್ಯೋತಿಯೊಡನೆ ಸಂಕರ ಮಾಡಿ ಪರೀಕ್ಷಿಸಿದ್ದಾರೆ. ರೈತರ ಕೈಗೆ ಅದು ಬಂದಿಲ್ಲ. ಬರಬೇಕೇ ಬೇಡವೇ ಎಂಬ ಚರ್ಚೆ ದೊಡ್ಡದು, ಈ ಪುಟಕ್ಕೆ ಹಿಡಿಸದು.

ಅಲ್ಲಿ ಹೋಗಿ ಮಾಡುವುದೇನು

ಇನ್ನು ಆ ಹುಡುಗಿ ಅಲ್ಲಿ ದಿನವೂ ಏನು ಮಾಡುತ್ತಾಳೆ ಎಂಬುದಕ್ಕೆ ಬರೋಣ. ಹೂ ಅರಳುವ ಮೊದಲೇ ಮೊಗ್ಗಿನಿಂದ ಗಂಡು ಕೇಸರಗಳನ್ನು ಚಿಮಟಿಗೆಯಿಂದ ಕಿತ್ತು, ಬೇಕಾದ ಗಿಡದ ಪರಾಗವನ್ನು ತಾಕಿಸುತ್ತಾಳೆ. ಬದನೆಯ ಕುಲವಲ್ಲವೇ, ತಿಂಗಳೂವರೆಯಲ್ಲಿ ಹಸುರು ಟೊಮೆಟೊ ಹೋಲುವ ಕಾಯಿ ಆಗುತ್ತದೆ. ಒಂದು ಕಾಯಲ್ಲಿ ನೂರು, ಇನ್ನೂರು ಬೀಜ. ನಾವು ಬಿತ್ತುವ ಗೆಡ್ಡೆ ಅದಲ್ಲ, ಇದು ನಿಜವಾದ ಬೀಜ. ಒಂದೊಂದು ಬೀಜವೂ ಒಂದೊಂದು ಬೇರೆ ಗಿಡ. ನಮಗೆ ಪ್ರತಿ ಗುಣಕ್ಕೂ ತಾಯಿಯಿಂದ ಒಂದು ಚೀಟಿ, ತಂದೆಯಿಂದ ಒಂದು ಚೀಟಿ ಬರುತ್ತದೆ. ಆಲೂಗೆಡ್ಡೆಗೆ ಹನ್ನೆರಡು ಕ್ರೋಮೋಸೋಮುಗಳ ನಾಲ್ಕು ಕಟ್ಟು, ಒಟ್ಟು 48. ಪ್ರತಿ ಗುಣಕ್ಕೂ ನಾಲ್ಕು ನಾಲ್ಕು ಚೀಟಿ. ಆದ್ದರಿಂದ ಒಂದೇ ತಾಯಿಯ ಮಕ್ಕಳಾದರೂ ಒಬ್ಬ ಕೆಂಪು, ಒಬ್ಬ ಬಿಳಿ, ಒಬ್ಬ ಗೋಲಿ, ಒಬ್ಬ ಗುಂಡುಕಲ್ಲು. ಹತ್ತಾರು ಸಾವಿರ ಸಸಿ ಬೆಳೆಸಿದರೆ ಕೊನೆಗೆ ತಳಿಯಾಗಿ ನಿಲ್ಲುವುದು ಒಂದು. ಕೆಲವು ಸಲ ಅದೂ ಇಲ್ಲ.

ಆಯ್ಕೆಯ ಕೆಲಸ ಹೀಗೆ. ಎಲೆ ಕಿತ್ತು ಒದ್ದೆ ಕಾಗದದ ಮೇಲೆ ತಟ್ಟೆಯಲ್ಲಿ ಮಲಗಿಸಿ ಅಂಗಮಾರಿಯ ಬೀಜಕಗಳಿರುವ ನೀರನ್ನು ಒಂದು ಹನಿ ಬಿಡುವುದು. ವಾರದೊಳಗೆ ಕಲೆ ಎಷ್ಟು ಅಗಲವಾಯಿತೆಂದು ಅಳೆಯುವುದು. ಜಂತುವಿಗಾದರೆ ಎಣಿಸಿದ ಚೀಲಗಳನ್ನು ಕುಂಡದ ಮಣ್ಣಿಗೆ ಸೇರಿಸಿ ಸಸಿ ನೆಟ್ಟು, ಎರಡು ತಿಂಗಳಾದ ಮೇಲೆ ಕುಂಡ ಬೋರಲು ಹಾಕಿ ಬೇರಿನ ಮೇಲಿನ ಹಳದಿ ಕಾಳು ಎಣಿಸುವುದು. ಇದು ಹಳೆಯ ರೀತಿ, ಈಗಲೂ ಬೇಕು. ಹೊಸ ರೀತಿಯಲ್ಲಿ ಸಸಿಯ ಒಂದು ಚೂರು ಎಲೆಯಿಂದ ಡಿಎನ್‌ಎ ತೆಗೆದು ನಿರೋಧಕ ಗುಣದ ಗುರುತು ಇದೆಯೇ ನೋಡುತ್ತಾರೆ. ಸರ್ವೆಕಲ್ಲು ನೋಡಿ ಹೊಲದ ಎಲ್ಲೆ ತಿಳಿಯುವಂತೆ, ಜೀನನ್ನು ನೇರ ಕಾಣದಿದ್ದರೂ ಪಕ್ಕದ ಗುರುತಿನಿಂದ ಅದು ಇರುವುದನ್ನು ತಿಳಿಯುತ್ತಾರೆ. 2011ರಲ್ಲಿ ಆಲೂಗೆಡ್ಡೆಯ ಇಡೀ ಜೀನು ಪಟ್ಟಿ ಪ್ರಕಟವಾಯಿತು, ಆ ಕೆಲಸದಲ್ಲಿ ನಮ್ಮ ಶಿಮ್ಲಾದವರೂ ಸೇರಿದ್ದರು. ಅಂದಿನಿಂದ ಈ ಸರ್ವೆಕಲ್ಲುಗಳು ದಟ್ಟವಾಗಿವೆ. ಸಾವಿರ ಸಸಿ ಹೊಲಕ್ಕೆ ಇಳಿಸುವ ಬದಲು ಗುರುತಿರುವ ನೂರನ್ನು ಇಳಿಸಿದರೆ ಸಾಕು.

ಆದರೂ ಹೊಲದ ಕೆಲಸ ತಪ್ಪದು. ಗೆಡ್ಡೆ ಹೆಚ್ಚುವುದೇ ನಿಧಾನ, ಒಂದಕ್ಕೆ ಆರೇಳು ಪಾಲು. ರಾಗಿಯಂತೆ ಒಂದು ಬೊಗಸೆ ಬಿತ್ತಿ ಎಕರೆ ತುಂಬಿಸಲಾಗದು. ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಬೋಗದಲ್ಲಿ ಬೆಳೆದು ನೋಡಬೇಕು, ಬೇಯಿಸಿ ನೋಡಬೇಕು, ಉಗ್ರಾಣದಲ್ಲಿಟ್ಟು ಮೊಳಕೆ ನೋಡಬೇಕು. ಸಂಕರದಿಂದ ಬಿಡುಗಡೆಗೆ ಹತ್ತು ಹನ್ನೆರಡು ವರ್ಷ ಮಾಮೂಲು. ಇದನ್ನು ತಗ್ಗಿಸಲು ಎರಡೇ ಕಟ್ಟು ಕ್ರೋಮೋಸೋಮಿನ ಆಲೂಗೆಡ್ಡೆಯಲ್ಲಿ, ಜೋಳದಲ್ಲಿ ಮಾಡುವಂತೆ, ಶುದ್ಧ ತಳಿಗಳನ್ನು ಮಾಡಿ ಸಂಕರ ಬೀಜ ತೆಗೆಯುವ ಪ್ರಯತ್ನ ಹಾಲೆಂಡು ಮುಂತಾದ ಕಡೆ ನಡೆದಿದೆ. ಅದು ಕೈಗೂಡಿದರೆ ಎಕರೆಗೆ ಹತ್ತು ಕ್ವಿಂಟಲಿನಂತೆ ಗೆಡ್ಡೆ ಹೊರುವ ಬದಲು ಬೀಜದ ಪೊಟ್ಟಣ ಜೇಬಿನಲ್ಲಿ ತರಬಹುದು. ಈಗ ಕರೆಯುವ ಹುದ್ದೆಗಳಲ್ಲಿ ಹಲವು ಈ ಕೆಲಸಕ್ಕೇ.

ಸೇರುವ ಬಗೆ

ತಳಿಶಾಸ್ತ್ರ, ಸಸ್ಯರೋಗಶಾಸ್ತ್ರ, ಜಂತುಶಾಸ್ತ್ರ, ಜೈವಿಕ ತಂತ್ರಜ್ಞಾನ, ಇವುಗಳಲ್ಲಿ ಯಾವುದರಲ್ಲಿ ಡಾಕ್ಟರೇಟು ಆಗಿದ್ದರೂ ಬಾಗಿಲು ತೆರೆದಿದೆ. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ, ಆಮೇಲೆ ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿ ಅಥವಾ ತೋಟಗಾರಿಕೆ, ಎರಡು ವರ್ಷದ ಎಂ.ಎಸ್ಸಿ., ಮೂರು ನಾಲ್ಕು ವರ್ಷದ ಡಾಕ್ಟರೇಟು. ದಾರಿ ಉದ್ದವೇ ಸರಿ. ನಮ್ಮ ಕಡೆಯ ಮಕ್ಕಳು ಕೊಯಮತ್ತೂರಿಗೂ ಹೋಗಬಹುದು, ಬೆಂಗಳೂರಿನ ದಾರಿಯನ್ನೂ ಕೇಳಿ ನೋಡಬಹುದು. ಕನ್ನಡದಲ್ಲಿ ಓದಿದ ಮಗು ಇಂಗ್ಲಿಷಿಗೆ ಹೆದರಿ ಹಿಂಜರಿಯುವುದನ್ನು ನಾವು ಶಾಲೆಯಲ್ಲಿ ದಿನವೂ ಕಾಣುತ್ತೇವೆ. ಮೊಗ್ಗಿನ ಕೇಸರ ಕೀಳುವುದಕ್ಕೆ ಬೇಕಾದದ್ದು ಕೈಯ ನಯ, ಅದಕ್ಕೆ ಭಾಷೆ ಇಲ್ಲ. ವರದಿ ಬರೆಯುವುದಕ್ಕೆ ಇಂಗ್ಲಿಷು ಬೇಕು, ಅದು ಅಭ್ಯಾಸದಿಂದ ಬರುತ್ತದೆ.

ದೇಶದೊಳಗೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಡಾಕ್ಟರೇಟು-ನಂತರದ ಫೆಲೋಷಿಪ್ ಎರಡು ವರ್ಷದ್ದು. ಅದಕ್ಕೆ ವಯಸ್ಸಿನ ಮಿತಿ ಇದೆ, ಪ್ರಕಟಣೆ ಬಂದಾಗ ಮೊದಲು ನೋಡಬೇಕಾದ ಸಾಲು ಅದು. ಕೃಷಿ ಅನುಸಂಧಾನ ಪರಿಷತ್ತಿನ ಸಂಸ್ಥೆಗಳು ಯೋಜನೆ ಬಂದಾಗಲೆಲ್ಲ ರಿಸರ್ಚ್ ಅಸೋಸಿಯೇಟರನ್ನು ಸಂದರ್ಶನಕ್ಕೆ ಕರೆಯುತ್ತವೆ. ಯೂರೋಪಿಗೆ ಹೋಗುವವರಿಗೆ ಮೇರಿ ಕ್ಯೂರಿ ಹೆಸರಿನ ಫೆಲೋಷಿಪ್ ಉಂಟು. ಅರ್ಜಿಯ ಜೊತೆಗೆ ಪ್ರಕಟವಾದ ಲೇಖನಗಳ ಪಟ್ಟಿ, ಮಾಡಬೇಕೆಂದಿರುವ ಕೆಲಸದ ಎರಡು ಪುಟ, ಬಲ್ಲ ಗುರುಗಳ ಎರಡು ಮೂರು ಪತ್ರ ಬೇಕಾಗುತ್ತವೆ. ಅರ್ಜಿಗೆ ಮುಂಚೆ ಆ ಪ್ರಯೋಗಶಾಲೆಯ ಮುಖ್ಯಸ್ಥರಿಗೆ ಒಂದು ಪತ್ರ ಬರೆಯುವುದು ರೂಢಿ, ಸಂಕೋಚ ಬೇಡ. ಕೆಲಸ ಕೊಡಿಸುತ್ತೇನೆ, ಇಷ್ಟು ಹಣ ಕಟ್ಟಿ ಎಂದು ಯಾರಾದರೂ ಕೇಳಿದರೆ ಅದು ಮೋಸವೆಂದು ತಿಳಿಯಿರಿ. ಯಾವ ಸಾಚಾ ಸಂಸ್ಥೆಯೂ ಸಂಶೋಧಕನಿಗೆ ಸಂಬಳ ಕೊಡುತ್ತದೆಯೇ ಹೊರತು ಹುದ್ದೆ ಮಾರುವುದಿಲ್ಲ.

ಹೆತ್ತವರು ತಿಳಿದಿರಬೇಕಾದದ್ದನ್ನೂ ಮುಚ್ಚಿಡಬಾರದು. ಕೆಲಸ ಕಾಯಮ್ಮಲ್ಲ, ಪಿಂಚಣಿ ಇಲ್ಲ. ಯೋಜನೆಯ ಹಣ ಮುಗಿದರೆ ಹುದ್ದೆಯೂ ಮುಗಿಯಿತು. ಎರಡು ವರ್ಷದಲ್ಲಿ ತಳಿ ಎಬ್ಬಿಸಿ ಹೆಸರು ಮಾಡುತ್ತೇನೆಂದು ಹೊರಟವರಿಗೆ ನಿರಾಸೆ ಖಂಡಿತ. ಕುಫ್ರಿ ಸ್ವರ್ಣಕ್ಕೆ ಸೇರಿದ ಕಾಡು ಗುಣವನ್ನು ಗುರುತಿಸಿದವರಿಗೆ ಅದು ನೀಲಗಿರಿಯ ಹೊಲ ಸೇರುವುದೆಂದು ಕನಸೂ ಬಿದ್ದಿರಲಾರದು. ಇಂಥ ಕೆಲಸ ಒಗ್ಗುವ ಸ್ವಭಾವ ಎಲ್ಲ ಮಕ್ಕಳಲ್ಲಿ ಇರುವುದಿಲ್ಲ. ತೆಂಗಿನ ಸಸಿ ನೆಡುವ ಮನೆಯಲ್ಲಿ ಹುಟ್ಟಿದವರಲ್ಲಿ ಇದ್ದರೂ ಇರಬಹುದು.

ಅಲ್ಲಿಯತನಕ ನಮ್ಮ ಪಾಲು

ಮುಂದಿನ ತಳಿ ಬರುವತನಕ ಇರುವ ತಳಿಯ ಬಲ ಕೆಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಜಂತು ತಾಳುವ ತಳಿ ಸಿಕ್ಕಿತೆಂದು ಬೋಗ ಬೋಗಕ್ಕೂ ಅದನ್ನೇ ಹಾಕಿದರೆ ಮೇರಿಸ್ ಪೈಪರಿನ ಪಾಡೇ ಆಗುತ್ತದೆ. ನಡುವೆ ಕೋಸು, ಕ್ಯಾರೆಟ್ಟು, ಬೀನ್ಸು, ಬೆಳ್ಳುಳ್ಳಿ ಬರಲಿ. ಟೊಮೆಟೊ, ಬದನೆ ಬೇಡ, ಅವೂ ಜಂತುವಿನ ನೆಂಟರ ಮನೆಯೇ. ಹೊಲದಲ್ಲಿ ತಾನಾಗಿ ಹುಟ್ಟಿದ ಕೂಳೆ ಆಲೂಗೆಡ್ಡೆಯನ್ನು ಕಿತ್ತುಹಾಕಬೇಕು.

ತಾಳವಾಡಿ, ಹೊಸೂರಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಜಂತು ತಾನಾಗಿ ನಡೆದು ದೂರ ಹೋಗುವುದಿಲ್ಲ. ಬಿತ್ತನೆಗೆಡ್ಡೆಗೆ ಅಂಟಿದ ಮಣ್ಣಿನಲ್ಲಿ, ಗೋಣಿಯಲ್ಲಿ, ಗುದ್ದಲಿಯಲ್ಲಿ ಸವಾರಿ ಮಾಡುತ್ತದೆ. ಆ ಕಾರಣಕ್ಕೇ ನೀಲಗಿರಿ, ಕೊಡೈಕಾನಲಿನ ಗೆಡ್ಡೆಯನ್ನು ಬಿತ್ತನೆಗೆ ಹೊರಗೆ ಸಾಗಿಸದಂತೆ ತಮಿಳುನಾಡು ಸರ್ಕಾರ 1971ರಲ್ಲಿ ತಡೆ ಹಾಕಿತು. 2018ರಲ್ಲಿ ಹಿಮಾಚಲ, ಉತ್ತರಾಖಂಡ, ಜಮ್ಮು ಕಾಶ್ಮೀರಗಳಲ್ಲೂ ಜಂತು ಸಿಕ್ಕಿ ಅಲ್ಲಿಯ ಬಿತ್ತನೆಗೂ ತಡೆ ಬಂತು. ಕುಫ್ರಿಯ ಬೆಟ್ಟಗಳೂ ಅದರೊಳಗೆ ಸೇರಿದವು. ಅಗ್ಗವಾಗಿ ಸಿಕ್ಕಿತೆಂದು ಊಟದ ಗೆಡ್ಡೆ ತಂದು ಬಿತ್ತುವವನು ತನ್ನ ಹೊಲಕ್ಕಷ್ಟೇ ಅಲ್ಲ, ಊರಿಗೇ ಇಪ್ಪತ್ತು ವರ್ಷದ ಸಾಲ ತರುತ್ತಾನೆ.

ಮುತ್ತೋರೈಯಿಂದಲೋ ಕೊಯಮತ್ತೂರಿನಿಂದಲೋ ಯಾರಾದರೂ ತರುಣ ಸಂಶೋಧಕರು ಮಣ್ಣು ಕೇಳಿಕೊಂಡು ಬಂದರೆ ಅನುಮಾನಿಸದೆ ಕೊಡಿ. ಗೆಡ್ಡೆ ಅಗೆದ ಮೇಲೆ, ಮುಂದಿನ ಉಳುಮೆಗೆ ಮುಂಚೆ ತೆಗೆದ ಮಣ್ಣು ಮೇಲು. ಹೊಲದಲ್ಲಿ ಅಡ್ಡಾದಿಡ್ಡಿ ನಡೆಯುತ್ತ ನಲವತ್ತು ಐವತ್ತು ಕಡೆ, ಗೇಣುದ್ದಕ್ಕಿಂತ ಕಡಿಮೆ ಆಳದಿಂದ, ಒಂದೊಂದು ಚಮಚದಷ್ಟು ಎತ್ತಿ ಬಕೆಟ್ಟಿನಲ್ಲಿ ಬೆರೆಸಿ. ಅರ್ಧ ಕಿಲೋ ಚೀಲಕ್ಕೆ ತುಂಬಿ, ನಿಮ್ಮ ಹೆಸರು, ಸರ್ವೆ ನಂಬರು, ಹಿಂದಿನ ಮೂರು ಬೆಳೆ ಬರೆದ ಚೀಟಿ ಕಟ್ಟಿ ಕೊಡಿ. ಪಕ್ಕದ ಹೊಲಕ್ಕೆ ಹೋಗುವ ಮುನ್ನ ಗುದ್ದಲಿ, ಕಾಲು ಎರಡನ್ನೂ ತೊಳೆದುಕೊಳ್ಳುವುದನ್ನು ಮರೆಯಬೇಡಿ.